ಮಲೆಸೀಮೆಯ ಚಳಿಜ್ವರವೂ ಕ್ವಿನೈನೂ

19ನೆಯ ಶತಮಾನದಲ್ಲಿ ಸಕಲೇಶಪುರ, ಆಲೂರುಗಳ ಮಲೆಗಳಲ್ಲಿ ಕಾಫಿತೋಟಗಳು ಹಬ್ಬಿದಾಗ, ದೊರೆ ಆಳು ಎನ್ನದೆ ಎಲ್ಲರನ್ನೂ ಕೆಡವಿದ್ದು ಚಳಿಜ್ವರ. ಅದಕ್ಕಿದ್ದ ನೆಚ್ಚಿನ ಮದ್ದು ಕ್ವಿನೈನ್. ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಪೆಲ್ಲೆಟಿಯೆ, ಕವೆಂಟೂ ಎಂಬ ಫ್ರೆಂಚ್ ರಸಾಯನಜ್ಞರು ಬೇರ್ಪಡಿಸಿದ ಕಹಿಸತ್ತ್ವ. ಸಭಾಚರಿತ್ರೆಯು ಆ ತೊಗಟೆಯನ್ನು ಯೇಸುಸಭೆಯವರ ತೊಗಟೆಯೆಂದೇ ಬಲ್ಲದು. ಆಂಡೀಸ್ ಪರ್ವತದ ನೆಲದಿಂದ ಅದು 17ನೆಯ ಶತಮಾನದಲ್ಲಿ ರೋಮನ್ನು ಮುಟ್ಟಿದಾಗ ಕಾರ್ಡಿನಲ್ ಹ್ವಾನ್ ದೆ ಲೂಗೊ ಬಡವರಿಗೆ ಉಚಿತವಾಗಿ ಹಂಚಿಸಿದರು. ಇಂಗ್ಲೆಂಡಿನ ಪ್ರೊಟೆಸ್ಟೆಂಟರಲ್ಲಿ ಹಲವರು ಅದರ ಹೆಸರು ಕೇಳಿಯೇ ಶಂಕಿಸಿದರು. ಜ್ವರಕ್ಕೆ ಮತಭೇದವಿಲ್ಲವೆಂಬುದು ಅವರಿಗೆ ಹೊಳೆಯಲಿಲ್ಲವೇನೋ!

1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ಬೆಳೆಯತೊಡಗಿದ ಮೇಲೆ ಮದ್ದು ನಮ್ಮ ಸೀಮೆಗೆ ಹತ್ತಿರವಾಯಿತು. ಆದರೆ ಸಾಮ್ರಾಜ್ಯಕ್ಕೆ ಮೊದಲು ಬೇಕಾದದ್ದು ತನ್ನ ಸೈನ್ಯದ, ತೋಟಗಳ ಉಳಿವು. ಮಿಷನರಿಯ ಪೆಟ್ಟಿಗೆಯ ಕ್ವಿನೈನನ್ನು ಕರುಣೆಯ ಲೆಕ್ಕಕ್ಕೆ ಬರೆದು, ತೋಟದ ಕ್ವಿನೈನನ್ನು ಮರೆಯುವ ಚರಿತ್ರೆಯನ್ನು ನಾವು ಒಪ್ಪಲಾರೆವು. ಕೂಲಿಯಾಳು ಕೆಲಸಕ್ಕೇಳಲೆಂದು ಕೊಟ್ಟ ಮದ್ದೂ ಪ್ರಾಣ ಉಳಿಸಿತು, ನಿಜ. ಆದರೆ ಅವನನ್ನು ಅದೇ ಸೊಳ್ಳೆಗಳ ನಡುವೆ ಮರಳಿ ಕಳುಹಿಸಿತು. ಕ್ವಿನೈನ್ ರಕ್ತದೊಳಗಿನ ರೋಗಾಣುವನ್ನು ಕೊಲ್ಲುವುದೇ ಹೊರತು ಸೊಳ್ಳೆಯನ್ನು ತಡೆಯದು. ಮಲೆನಾಡಿನ ಮನೆಗೋಡೆಗಳಿಗೆ ಡಿಡಿಟಿ ಬೀಳಲು ಎರಡನೆಯ ಮಹಾಯುದ್ಧವೇ ಮುಗಿಯಬೇಕಾಯಿತು.