ಅಂಧರ ಮೊಬೈಲ್‌ಗೆ ಕನ್ನಡದ ದನಿ: ಸ್ಕ್ರೀನ್ ರೀಡರ್ ಆಯ್ಕೆಗಳು

ಬ್ಯಾಂಕಿನ ಸಂದೇಶ, ಅಡಿಕೆ ಧಾರಣೆ, ರೈಲು ಟಿಕೆಟ್ಟಿನ ವಿವರ, ಪಿಂಚಣಿ ಜಮೆಯಾದ ಸೂಚನೆ ಇವೆಲ್ಲವೂ ಇಂದು ಮೊಬೈಲ್ ಪರದೆಯ ಮೇಲೆಯೇ ಬಂದು ಬೀಳುತ್ತವೆ. ಅವನ್ನು ತಿಳಿಯಲು ಅಂಧ ವ್ಯಕ್ತಿಯೊಬ್ಬರು ಪ್ರತಿ ಬಾರಿಯೂ ಇನ್ನೊಬ್ಬರ ಕೈಗೆ ಫೋನ್ ಕೊಡಬೇಕಾದರೆ ಹಣದ ಲೆಕ್ಕವೂ ಖಾಸಗಿ ಮಾತೂ ಅವರದಾಗಿ ಉಳಿಯುವುದಿಲ್ಲ. ಈ ಪರಾವಲಂಬನೆಯನ್ನು ತಪ್ಪಿಸಬಲ್ಲ ಸ್ಕ್ರೀನ್ ರೀಡರ್ ತಂತ್ರಾಂಶ ಈಗ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲಿ ಉಚಿತವಾಗಿ ಲಭ್ಯವಿದೆ.

ಬೆಂಗಳೂರಿನಲ್ಲಿ ಕೊಂಡ ಫೋನ್‌ಗೂ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಅಥವಾ ಅಜ್ಜಂಪುರದ ಅಂಗಡಿಯಲ್ಲಿ ಕೊಂಡ ಫೋನ್‌ಗೂ ಈ ವಿಷಯದಲ್ಲಿ ಭೇದವಿಲ್ಲ. ಆದರೆ ಸೌಲಭ್ಯ ನಿಜಕ್ಕೂ ಬಳಕೆಗೆ ಬರುವುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಫೋನ್ ಕನ್ನಡದಲ್ಲಿ ಮಾತನಾಡುವಂತೆ ಹೊಂದಿಸಲಾಗಿದೆಯೇ? ಪರದೆಯ ಮೇಲಿನ ಬರಹ ಯಂತ್ರಕ್ಕೆ ಓದಲು ಬರುವಂತಿದೆಯೇ?

ಏನಿದು ಸ್ಕ್ರೀನ್ ರೀಡರ್?

ಪರದೆಯ ಮೇಲಿರುವ ಅಕ್ಷರ, ಗುಂಡಿ, ಪಟ್ಟಿ ಮುಂತಾದವನ್ನು ಗುರುತಿಸಿ ಧ್ವನಿಯ ಮೂಲಕ ತಿಳಿಸುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಇದರಲ್ಲಿ ಎರಡು ಭಾಗಗಳು ಸೇರಿ ಕೆಲಸ ಮಾಡುತ್ತವೆ. ಪರದೆಯಲ್ಲಿ ಏನಿದೆ ಎಂದು ಪತ್ತೆ ಹಚ್ಚುವುದು ಮೊದಲನೆಯ ಭಾಗ. ಪತ್ತೆಯಾದ ಪಠ್ಯವನ್ನು ಉಚ್ಚರಿಸುವ ಧ್ವನಿ ಯಂತ್ರ ಎರಡನೆಯದು. ಮೊದಲನೆಯದು ಸರಿಯಿದ್ದರೂ ಎರಡನೆಯದಕ್ಕೆ ಕನ್ನಡ ಬಾರದಿದ್ದರೆ ಕನ್ನಡ ಬರಹ ಬಂದಾಗ ಫೋನ್ ಮೌನವಾಗುತ್ತದೆ ಅಥವಾ ಅರ್ಥವಾಗದಂತೆ ಉಚ್ಚರಿಸುತ್ತದೆ.

ನಡೆದು ಬಂದ ದಾರಿ

ಈ ಶತಮಾನದ ಮೊದಲ ದಶಕದಲ್ಲಿ ಸಿಂಬಿಯನ್ ಕಾರ್ಯಾಚರಣಾ ವ್ಯವಸ್ಥೆಯ ನೋಕಿಯಾ ಫೋನ್‌ಗಳಿಗೆ ಟಾಕ್ಸ್ ಮತ್ತು ಮೊಬೈಲ್ ಸ್ಪೀಕ್ ಎಂಬ ತಂತ್ರಾಂಶಗಳು ಬಳಕೆಯಲ್ಲಿದ್ದವು. ಫೋನಿನ ಬೆಲೆಯಲ್ಲದೆ ಅವುಗಳ ಪರವಾನಗಿಗೂ ಪ್ರತ್ಯೇಕ ಹಣ ತೆರಬೇಕಿತ್ತು. 2009ರ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್‌ನಲ್ಲಿ ಆಪಲ್ ಸಂಸ್ಥೆ ವಾಯ್ಸ್‌ಓವರ್ ಅನ್ನು ಫೋನಿನೊಳಗೇ ಅಳವಡಿಸಿತು. ಗುಂಡಿಗಳೇ ಇಲ್ಲದ ನುಣುಪು ಗಾಜಿನ ಫೋನ್ ಅಂಧರಿಗೆ ನಿರುಪಯುಕ್ತವೆಂಬ ಭಾವನೆಯನ್ನು ಅದು ಸುಳ್ಳಾಗಿಸಿತು.

ಅದೇ ವರ್ಷ ಆಂಡ್ರಾಯ್ಡ್ 1.6 ಆವೃತ್ತಿಯೊಂದಿಗೆ ಗೂಗಲ್‌ನ ಟಾಕ್‌ಬ್ಯಾಕ್ ಬಂದಿತು. ಗೂಗಲ್‌ನಲ್ಲಿ ಈ ದಿಕ್ಕಿನ ಆರಂಭಿಕ ಕಾರ್ಯದಲ್ಲಿ ತೊಡಗಿದ್ದವರಲ್ಲಿ ಟಿ.ವಿ. ರಾಮನ್ ಪ್ರಮುಖರು. ಭಾರತ ಮೂಲದ ಈ ಗಣಕ ವಿಜ್ಞಾನಿ ಸ್ವತಃ ಅಂಧರು ಎಂಬುದು ಗಮನಾರ್ಹ. 2011ರ ಆಂಡ್ರಾಯ್ಡ್ 4.0 ಆವೃತ್ತಿಯಲ್ಲಿ ಬೆರಳು ಸೋಕಿದ ಜಾಗದಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ ಸೇರಿತು. ಅಲ್ಲಿಂದ ಮುಂದೆ ಕಡಿಮೆ ಬೆಲೆಯ ಸ್ಪರ್ಶಪರದೆಯ ಫೋನ್‌ಗಳೂ ಅಂಧರಿಗೆ ಒದಗಿ ಬಂದವು.

ಇಂದಿನ ಆಯ್ಕೆಗಳು

ಟಾಕ್‌ಬ್ಯಾಕ್: ಆಂಡ್ರಾಯ್ಡ್ ಫೋನ್‌ಗಳಿಗೆ ಇದೇ ಮುಖ್ಯ ಆಯ್ಕೆ. ಸ್ಯಾಮ್‌ಸಂಗ್ ಹಿಂದೆ ತನ್ನದೇ ಆದ ವಾಯ್ಸ್ ಅಸಿಸ್ಟೆಂಟ್ ನೀಡುತ್ತಿತ್ತು. 2021ರ ವೇಳೆಗೆ ಅದರ ಫೋನ್‌ಗಳೂ ಟಾಕ್‌ಬ್ಯಾಕ್‌ನತ್ತ ಹೊರಳಿದವು. ಬೆರಳುಗಳಿಂದಲೇ ಬ್ರೈಲ್ ಚುಕ್ಕಿಗಳನ್ನು ಒತ್ತಿ ಬರೆಯುವ ಕೀಲಿಮಣೆ 2020ರಲ್ಲಿ ಇದಕ್ಕೆ ಸೇರ್ಪಡೆಯಾಯಿತು.

ವಾಯ್ಸ್‌ಓವರ್: ಐಫೋನ್‌ಗಳಲ್ಲಿ ಮಾತ್ರ ಲಭ್ಯ. ಸ್ಪರ್ಶ ಸಂಜ್ಞೆಗಳು ಸುಗಮವಾಗಿದ್ದರೂ ಫೋನಿನ ಬೆಲೆ ಹಲವರಿಗೆ ಎಟುಕದು.

ಪೂರಕ ಆ್ಯಪ್‌ಗಳು: ಇವು ಸ್ಕ್ರೀನ್ ರೀಡರ್‌ಗಳಲ್ಲ, ಅದರ ಜೊತೆಗಾರರು. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ 'ಮಣಿ' ಆ್ಯಪ್ ಕ್ಯಾಮೆರಾ ಮುಂದೆ ಹಿಡಿದ ನೋಟಿನ ಮೌಲ್ಯವನ್ನು ಇಂಟರ್‌ನೆಟ್ ಇಲ್ಲದೆಯೂ ತಿಳಿಸುತ್ತದೆ. ನೋಟು ಅಸಲಿಯೋ ನಕಲಿಯೋ ಎಂದು ಅದು ಹೇಳದು. ಗೂಗಲ್‌ನ ಲುಕ್‌ಔಟ್, ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಸುತ್ತಲಿನ ವಸ್ತುಗಳನ್ನು ವಿವರಿಸುತ್ತವೆ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಬಿ ಮೈ ಐಸ್, ವಿಡಿಯೊ ಕರೆಯ ಮೂಲಕ ಕಣ್ಣುಳ್ಳ ಸ್ವಯಂಸೇವಕರೊಡನೆ ಸಂಪರ್ಕ ಕಲ್ಪಿಸುತ್ತದೆ.

ಕೀಪ್ಯಾಡ್ ಫೋನ್: ಹಲವು ಮಾದರಿಗಳು ಒತ್ತಿದ ಅಂಕಿಯನ್ನು ಮಾತ್ರ ಹೇಳುತ್ತವೆ, ಸಂದೇಶಗಳನ್ನು ಓದುವುದಿಲ್ಲ. ಇಂಥ ಫೋನ್ ಉಳ್ಳವರು ಹಣ ಪಾವತಿಗೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಚಾಲನೆ ನೀಡಿದ ಯುಪಿಐ 123ಪೇ ವ್ಯವಸ್ಥೆಯನ್ನು ಬಳಸಬಹುದು. ಇದು ಧ್ವನಿ ಕರೆಯ ಮೂಲಕವೂ ನಡೆಯುತ್ತದೆ.

ಕನ್ನಡದ ದನಿ

ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಧ್ವನಿ ಸೇವೆಗೆ ಕನ್ನಡ ಬರುತ್ತದೆ. ಕನ್ನಡದ ಧ್ವನಿ ಕಡತವನ್ನು ಒಮ್ಮೆ ಇಳಿಸಿಕೊಂಡರೆ ನಂತರ ಇಂಟರ್‌ನೆಟ್ ಬೇಡ. ಎರಡನೆಯ ಆಯ್ಕೆ, ಮುಕ್ತ ತಂತ್ರಾಂಶವಾದ ಇಸ್ಪೀಕ್. ಜೊನಾಥನ್ ಡಡಿಂಗ್‌ಟನ್ ರೂಪಿಸಿದ ಇದು 2015ರಿಂದ ಇಸ್ಪೀಕ್ ಎನ್‌ಜಿ ಹೆಸರಿನಲ್ಲಿ ಮುಂದುವರಿದಿದೆ. ಇದರ ಕನ್ನಡ ಯಾಂತ್ರಿಕವೆನಿಸಿದರೂ ಅತಿ ವೇಗದಲ್ಲಿಯೂ ಸ್ಪಷ್ಟವಾಗಿ ಕೇಳಿಸುತ್ತದೆ ಮತ್ತು ಹಳೆಯ ಫೋನಿಗೂ ಭಾರವಾಗದು. ಐಫೋನ್‌ನಲ್ಲಿ ಕನ್ನಡದ ದನಿ ಸೇರಿದ್ದು 2022ರ ಐಒಎಸ್ 16 ಆವೃತ್ತಿಯಲ್ಲಿ. ಅಂದರೆ ವಾಯ್ಸ್‌ಓವರ್ ಬಂದು ಹದಿಮೂರು ವರ್ಷಗಳ ನಂತರ.

ಆರಂಭಿಸುವುದು ಹೇಗೆ?

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಟಾಕ್‌ಬ್ಯಾಕ್ ಚಾಲೂ ಮಾಡಬೇಕು. ಶಾರ್ಟ್‌ಕಟ್ ಹೊಂದಿಸಿದ್ದರೆ ಧ್ವನಿ ಏರಿಸುವ ಮತ್ತು ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ಕೆಲವು ಕ್ಷಣ ಒತ್ತಿ ಹಿಡಿದರೆ ಸಾಕು. ನಿಲ್ಲಿಸುವುದಕ್ಕೂ ಅದೇ ಕ್ರಮ. ಐಫೋನ್‌ನಲ್ಲಿ ಹೀಗೆಯೇ ಹೊಂದಿಸಿದ್ದರೆ ಬದಿಯ ಗುಂಡಿಯನ್ನು ಮೂರು ಬಾರಿ ಒತ್ತಬೇಕು.

ಸ್ಕ್ರೀನ್ ರೀಡರ್ ಚಾಲೂ ಆದೊಡನೆ ಫೋನಿನ ವರ್ತನೆ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸವರಿದರೆ ಮುಂದಿನ ಅಂಶಕ್ಕೆ ಹೋಗುತ್ತದೆ. ಇದು ತಿಳಿಯದ ಮನೆಮಂದಿ ಫೋನ್ ಕೆಟ್ಟಿತೆಂದು ಭಾವಿಸುವುದುಂಟು. ರಹಸ್ಯ ಸಂಖ್ಯೆ ಬಳಸುವಾಗ ಇಯರ್‌ಫೋನ್ ಧರಿಸುವುದು ಕ್ಷೇಮ. ಪರದೆಯನ್ನು ಕಪ್ಪಾಗಿಸಿ ಪಕ್ಕದವರು ಇಣುಕದಂತೆ ಮಾಡುವ ಅನುಕೂಲವೂ ಇದೆ.

ಎಚ್ಚರ ವಹಿಸಬೇಕಾದ ಇನ್ನೊಂದು ಅಂಶವಿದೆ. ಆಕ್ಸೆಸಿಬಿಲಿಟಿ ಅನುಮತಿ ಪಡೆದ ಯಾವುದೇ ಆ್ಯಪ್ ಪರದೆಯ ಮೇಲಿರುವುದನ್ನೆಲ್ಲ ಓದಬಲ್ಲದು. ವಂಚಕರ ಆ್ಯಪ್‌ಗಳು ಕೇಳುವುದೂ ಇದೇ ಅನುಮತಿಯನ್ನು. ಆದ್ದರಿಂದ ಅಪರಿಚಿತ ಮೂಲದ ಆ್ಯಪ್‌ಗೆ ಇದನ್ನು ನೀಡಬಾರದು.

ಎಲ್ಲಿ ಮುಗ್ಗರಿಸುತ್ತದೆ?

ಯುನಿಕೋಡ್‌ನಲ್ಲಿಲ್ಲದ ಹಳೆಯ ಫಾಂಟುಗಳ ಕನ್ನಡ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಚಿತ್ರ ರೂಪದ ಸುತ್ತೋಲೆಯನ್ನೂ ಸ್ಕ್ಯಾನ್ ಮಾಡಿದ ಪಿಡಿಎಫ್ ಕಡತವನ್ನೂ ಅದು ನೇರವಾಗಿ ಓದಲಾರದು. ಹೆಸರಿಡದ ಗುಂಡಿಯನ್ನು ಬರೀ 'ಬಟನ್' ಎಂದು ಹೇಳಿ ಸುಮ್ಮನಾಗುತ್ತದೆ; ಅದು ಹಣ ಕಳಿಸುವ ಗುಂಡಿಯೋ ರದ್ದು ಮಾಡುವ ಗುಂಡಿಯೋ ತಿಳಿಯದು.

ರೈಲು ಪ್ರಯಾಣದ ಉದಾಹರಣೆಯನ್ನೇ ನೋಡಬಹುದು. ಬೆಂಗಳೂರಿನಿಂದ ಬರುವ ಮಾರ್ಗ ಕಡೂರು ದಾಟಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಅಜ್ಜಂಪುರ ಹುಬ್ಬಳ್ಳಿಯ ಕವಲಿನಲ್ಲಿದ್ದರೆ ತರೀಕೆರೆ ಶಿವಮೊಗ್ಗದ ಕವಲಿನಲ್ಲಿದೆ. ರೈಲ್ವೆ ಸಂಕೇತಗಳಲ್ಲಿ ಕಡೂರು 'ಡಿಆರ್‌ಯು', ಬೀರೂರು 'ಆರ್‌ಆರ್‌ಬಿ'. ಸಂಕೇತವನ್ನಷ್ಟೇ ಹೊತ್ತ ಸಂದೇಶವನ್ನು ಫೋನ್ ತಪ್ಪಿಲ್ಲದೆ ಓದಿದರೂ ಸಂಕೇತ ತಿಳಿಯದ ಪ್ರಯಾಣಿಕನಿಗೆ ಊರು ಯಾವುದೆಂದು ಹೊಳೆಯದು. ಊರಿನ ಹೆಸರನ್ನೇ ಕನ್ನಡದಲ್ಲಿ ಬರೆದರೆ ಈ ತೊಡಕಿರುವುದಿಲ್ಲ.

ಕಾನೂನು ಏನು ಹೇಳುತ್ತದೆ?

2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೇ ಪ್ರಕರಣವು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ವಿಕಲಚೇತನರಿಗೆ ಎಟುಕುವಂತಿರಬೇಕೆಂದು ವಿಧಿಸುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಗುರುತು ದೃಢಪಡಿಸುವಂಥ ಕೆವೈಸಿ ಕ್ರಮಗಳು ಅಂಧರನ್ನು ಹೊರಗಿಡುತ್ತವೆಂಬ ದೂರು ಆ ಪ್ರಕರಣದ ತಿರುಳಾಗಿತ್ತು. ನ್ಯಾಯಾಲಯ ಈ ಸಂಬಂಧ 20 ನಿರ್ದೇಶನಗಳನ್ನು ನೀಡಿತು.

ನೆರವು ಎಲ್ಲಿ?

ಸಣ್ಣ ಪಟ್ಟಣಗಳಲ್ಲಿ ಕೊರತೆ ಇರುವುದು ಕಲಿಸುವವರದು. ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆಯಿದೆ. ಗುರುತಿನ ಚೀಟಿ, ಸಾಧನ ಸಲಕರಣೆ ಕುರಿತ ವಿಚಾರಣೆಗೆ ಮೊದಲು ಇವರನ್ನೇ ಕಾಣಬೇಕು. ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ನೀಡುವ ಯೋಜನೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು.

ಕಣ್ಣುಳ್ಳವರು ಮಾಡಬಹುದಾದದ್ದೂ ಇದೆ. ಕನ್ನಡ ಧ್ವನಿಯನ್ನು ಇಳಿಸಿ ಹೊಂದಿಸಿಕೊಡುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರದ ಬದಲು ಅಕ್ಷರಗಳಲ್ಲಿ ಸಂದೇಶ ಕಳಿಸುವುದು, ಕಚೇರಿಯ ಪ್ರಕಟಣೆಯನ್ನು ಯುನಿಕೋಡ್‌ನಲ್ಲಿ ಸಿದ್ಧಪಡಿಸುವುದು ಖರ್ಚಿಲ್ಲದ ಕ್ರಮಗಳು. ಇಷ್ಟಾದರೆ ಅಜ್ಜಂಪುರದ ಅಂಧ ಬೆಳೆಗಾರ ತನ್ನ ಖಾತೆಗೆ ಎಷ್ಟು ಹಣ ಬಂತೆಂಬುದನ್ನು ಇನ್ನೊಬ್ಬರನ್ನು ಕೇಳದೆ ತಾನೇ ತಿಳಿಯಬಲ್ಲ.