ಗುಳೆ ಹೋದವರು, ಗಡಿ ದಾಟಿದವರು

ಸುಗ್ಗಿ ಮುಗಿದರೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಲ್ಲಿ ಮನೆಮನೆಗೆ ಬೀಗ ಬೀಳುತ್ತದೆ. ಎಲ್ಲಿಗೆ ಹೋದರೆಂದು ಕೇಳಿದರೆ ಕಟ್ಟೆಯ ಮೇಲೆ ಕೂತ ಮುದುಕರು ಹೇಳುವುದು ಇಷ್ಟೇ: ‘ಗುಳೆ ಹೋಗ್ಯಾರ.’ ಚಿಕ್ಕಮಗಳೂರಿನ ಕಾಫಿ ತೋಟ, ಮಂಡ್ಯದ ಕಬ್ಬಿನ ಗದ್ದೆ, ಬೆಂಗಳೂರಿನ ಕಟ್ಟಡ ಎಲ್ಲವೂ ಆ ಮಾತಿನಲ್ಲೇ ಬಂತು.

ಈಗ ಅದು ಕೂಲಿಯ ವಲಸೆಗೆ ಮೀಸಲು. ಹಿಂದೆ ಅದರ ಹರವು ದೊಡ್ಡದಿತ್ತು. ದಂಡು ಬರುತ್ತಿದೆ ಎಂಬ ಸುದ್ದಿಗೆ ಊರಿಗೆ ಊರೇ ದನಕರು, ಕಾಳುಕಡಿ ಸಮೇತ ಎದ್ದು ನಡೆದರೂ ಗುಳೆ; ಮಳೆ ಕೈಕೊಟ್ಟು ಎದ್ದರೂ ಗುಳೆ. 1876–78ರ ಬರ ಬಳ್ಳಾರಿ ಸೀಮೆಯನ್ನು ಹಿಂಡಿದಾಗ ಈ ಮಾತು ಎಷ್ಟು ಬಾಯಲ್ಲಿ ಹೊರಳಿರಬೇಕು! ಕತ್ತಿಗೆ ಹೆದರಿದವರನ್ನೂ ಹಸಿವಿಗೆ ಹೆದರಿದವರನ್ನೂ ಕನ್ನಡ ಬೇರೆ ಮಾಡಲಿಲ್ಲ.

ಬೇರೆ ಮಾಡಿದ್ದು ಸರ್ಕಾರಗಳ ಕಾಗದ. 1951ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಜಕೀಯ ನಿಲುವು ಮೊದಲಾದ ಕಾರಣಕ್ಕೆ ಕಿರುಕುಳಕ್ಕೆ ಅಂಜಿ ದೇಶದ ಗಡಿ ದಾಟಿದವರಷ್ಟೇ ನಿರಾಶ್ರಿತರು. ಬರಕ್ಕೆ ಅಲ್ಲಿ ಜಾಗವಿಲ್ಲ.

ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೂ 1959ರಲ್ಲಿ ದಲೈ ಲಾಮಾ ಬೆನ್ನಿಗೇ ಬಂದ ಟಿಬೆಟಿಯನ್ನರನ್ನು ಒಳಗೆ ಬಿಟ್ಟುಕೊಂಡಿತು. ಹಿಮಾಲಯದ ರಸ್ತೆ ಕೆಲಸದಲ್ಲಿ ಕಾಯಿಲೆ ಬಿದ್ದು ಸೊರಗುತ್ತಿದ್ದವರನ್ನು ದಕ್ಷಿಣಕ್ಕೆ ಕರೆತಂದು, 1960ರಲ್ಲಿ ಬೈಲಕುಪ್ಪೆಯ ಕಾಡಿನಲ್ಲಿ ಸುಮಾರು 3,000 ಎಕರೆ ಕೊಡಲಾಯಿತು. 1966ರಲ್ಲಿ ಮುಂಡಗೋಡದಲ್ಲೂ ನೆಲೆ ಸಿಕ್ಕಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ, ಹುಟ್ಟಿದ್ದು ಇದೇ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಗುಳೆಯ ಸೀಮೆಯಲ್ಲಿ ಹುಟ್ಟಿದವರೊಬ್ಬರ ಆಡಳಿತ ಪರದೇಶದ ಗುಳೆಗೆ ನೆಲ ಕೊಟ್ಟಿತು ಎಂಬುದನ್ನು ಈ ಭಾಗದವರು ಹೆಮ್ಮೆಯಿಂದಲೇ ನೆನೆಯಬೇಕು. ತುಂಗಭದ್ರೆಯ ಆಚೆ, ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳನ್ನು ಕೂರಿಸಿದ ಜಾಗಗಳಿಗೆ ಇಂದಿಗೂ ‘ಆರ್.ಎಚ್. ಕ್ಯಾಂಪ್’ ಎಂದೇ ಹೆಸರು. ರಿಹ್ಯಾಬಿಲಿಟೇಶನ್ ಎಂಬ ಕಡತದ ಮಾತೇ ಊರಾಗಿ ನಿಂತಿದೆ.

ಕಡತಗಳನ್ನು ತಿರುವಿದರೆ ನಿರಾಶ್ರಿತರ ಪಕ್ಕದಲ್ಲಿ ‘ಪುನರ್ವಸತಿ’ ಇರುತ್ತದೆ, ಗುಳೆಯ ಪಕ್ಕದಲ್ಲಿ ‘ತಡೆ’. ಒಬ್ಬರ ನಡಿಗೆ ಕಷ್ಟ, ಇನ್ನೊಬ್ಬರದು ತಪ್ಪು ಎಂಬಂತೆ. ನರೇಗಾದ ‘ದುಡಿಯೋಣ ಬಾ’ ಅಭಿಯಾನ ಊರಲ್ಲೇ ಕೆಲಸ ಕೊಡಲು ಹೊರಟಿದ್ದು ಒಳ್ಳೆಯದೇ. ಆದರೆ ನರೇಗಾ ಕೊಡುತ್ತಿದ್ದ ವರ್ಷಕ್ಕೆ 100 ದಿನದ ಕೂಲಿಯಲ್ಲಿ ಸಂಸಾರ ಸಾಗಬೇಕಿತ್ತಲ್ಲ. ಲಾರಿ ಹತ್ತುವುದು ನಿಲ್ಲಲಿಲ್ಲ.

2020ರ ಮೇ ಮೊದಲ ವಾರ, ಲಾಕ್‌ಡೌನ್‌ನಲ್ಲಿ ಸಿಲುಕಿದ ಕೂಲಿಗಳನ್ನು ಬೆಂಗಳೂರಿನಿಂದ ಊರುಗಳಿಗೆ ಸರ್ಕಾರಿ ಬಸ್ಸುಗಳು ಉಚಿತವಾಗಿ ಕರೆತಂದವು. ಅದೂ ಮೊದಲು ದುಪ್ಪಟ್ಟು ದರಕ್ಕೆ ಜನ ಸಿಟ್ಟಾದ ಮೇಲೆ. ಅಂದರೆ ಮನಸ್ಸು ಮಾಡಿದರೆ ಬಸ್ಸು ಬರುತ್ತದೆ. ಹೋಗುವಾಗಲೂ ಬರಲಿ, ಹೋದ ಊರಿನ ಶಾಲೆಯಲ್ಲಿ ತಾಂಡಾದ ಮಕ್ಕಳಿಗೆ ಹಾಜರಿ ಸಿಗಲಿ, ಕಾಫಿ ತೋಟದ ಲೈನ್ ಮನೆಗೆ ಆರೋಗ್ಯ ಕಾರ್ಯಕರ್ತೆ ಕಾಲಿಡಲಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಗುಳೆ ಮಂದಿ ಕೇಳುವುದು ಜಮೀನನ್ನಲ್ಲ, ಇಷ್ಟನ್ನೇ.