ಊರ ಬಯಲಿನಲ್ಲಿ ಸಾಹುಕಾರರ ಕಣಜ

ಬ್ಯಾಂಕಿನ ಲೆಕ್ಕವಾಗಲಿ, ಆಸ್ಪತ್ರೆಯ ದಾಖಲೆಯಾಗಲಿ ಇಂದು ಸೇರುವುದು ಡೇಟಾಬೇಸ್ ಎಂಬ ಕಣಜವನ್ನು. ಆ ಕಣಜಕ್ಕೆ ನೆಲವಾಗಿರುವುದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ. ಬೆಲೆ ತೆತ್ತು ಕೊಳ್ಳಬೇಕಾದ ಕಣಜವು ಎಲ್ಲರಿಗೂ ತೆರೆದ ನೆಲಕ್ಕೆ ಬಂದು ನಿಂತ ಇತಿಹಾಸ ಸ್ವಾರಸ್ಯವಾದುದು.

ಕಣಜದ ನಕ್ಷೆ ಮೂಡಿದ್ದು 1970ರಲ್ಲಿ. ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿಟ್ಟು, ಅವುಗಳ ಪರಸ್ಪರ ಸಂಬಂಧದಿಂದಲೇ ಬೇಕಾದುದನ್ನು ಹೆಕ್ಕಬಹುದೆಂದು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಲ್ಯಾರಿ ಎಲಿಸನ್ ಮತ್ತು ಇಬ್ಬರು ಗೆಳೆಯರು 1977ರಲ್ಲಿ ಕಟ್ಟಿದ ಕಂಪನಿಯು ಎರಡೇ ವರ್ಷಗಳಲ್ಲಿ ಆ ತತ್ತ್ವವನ್ನು ‘ಒರಾಕಲ್’ ಎಂಬ ಸರಕಾಗಿ ಮಾರುಕಟ್ಟೆಗೆ ತಂದಿತು. ಮುಂದೆ ಇಂತಹ ಅನೇಕ ದೊಡ್ಡ ಕಣಜಗಳಿಗೆ ಸನ್, ಎಚ್‌ಪಿ, ಐಬಿಎಂ ಕಂಪನಿಗಳ ದುಬಾರಿ ಯೂನಿಕ್ಸ್ ಯಂತ್ರಗಳು ಆಸರೆಯಾದವು. ಕಣಜಕ್ಕೂ ಕ್ರಯ, ನೆಲಕ್ಕೂ ಕ್ರಯ!

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಅನ್ನು ಲೋಕದ ಮುಂದಿಟ್ಟರು. ಮರುವರ್ಷ ಅದಕ್ಕೆ ಒಂದು ಕಟ್ಟಳೆ ಒದಗಿತು: ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವವನು ತಾನು ತಿದ್ದಿದ್ದನ್ನು ಮುಚ್ಚಿಡುವಂತಿಲ್ಲ. ದೇಶದೇಶಗಳ ಉತ್ಸಾಹಿಗಳು ಕೈಗೂಡಿಸಿದರು. ಸಾಧಾರಣ ಅಗ್ಗದ ಯಂತ್ರವೇ ಅದಕ್ಕೆ ಸಾಕಾಗಿತ್ತು.

ಹವ್ಯಾಸಿಗಳ ಕೃತಿಯನ್ನು ನಂಬಿ ಬ್ಯಾಂಕಿನ ಲೆಕ್ಕ ಇಡುವುದುಂಟೆ? ಸಂಶಯ ಸಹಜವೇ. ಆದರೆ 1998ರ ಜುಲೈಯಲ್ಲಿ ಒರಾಕಲ್, ಇನ್‌ಫಾರ್ಮಿಕ್ಸ್ ಎರಡೂ ತಮ್ಮ ಡೇಟಾಬೇಸನ್ನು ಲಿನಕ್ಸಿಗೆ ತರುವುದಾಗಿ ಸಾರಿದವು. ಸೈಬೇಸ್, ಐಬಿಎಂ ಹಿಂಬಾಲಿಸಿದವು. ದೊಡ್ಡವರು ಮುದ್ರೆಯೊತ್ತಿದ ಮೇಲೆ ಸಂಶಯ ಕರಗುತ್ತ ಬಂತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದವರು ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್. ಅದೇ ಮೈಕ್ರೋಸಾಫ್ಟು 2017ರಲ್ಲಿ ತನ್ನ ಎಸ್‌ಕ್ಯೂಎಲ್ ಸರ್ವರನ್ನು ಅದೇ ಲಿನಕ್ಸಿಗೆ ಹೊತ್ತು ತಂದಿತು. ಕಾಲ ಕಲಿಸುವ ಪಾಠ ದೊಡ್ಡದು.

ಇಷ್ಟಾಗಿ ಗ್ರಾಹಕನಿಗೆ ದಕ್ಕಿದ್ದೇನು? ದುಬಾರಿ ಯಂತ್ರದ ಹಂಗು ತಪ್ಪಿತು, ನಿಜ. ಕಣಜದ ಬೀಗ ಮಾತ್ರ ಮಾರುವವನ ಕೈಯಲ್ಲೇ ಉಳಿಯಿತು. ಒಂದೊಂದು ಡೇಟಾಬೇಸಿನ ನುಡಿಕಟ್ಟೂ ಬೇರೆಬೇರೆ. ಒಂದಕ್ಕೆ ಒಗ್ಗಿದ ಕಚೇರಿ ಇನ್ನೊಂದಕ್ಕೆ ಹೊರಳಬೇಕಾದರೆ ವರ್ಷಗಟ್ಟಲೆ ಬರೆದುದನ್ನು ಮತ್ತೆ ತಿದ್ದಿ ಬರೆಯಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ತೆರೆದ ಕಣಜಗಳು ಇಂದು ಬಳಕೆಯಲ್ಲಿವೆಯಾದರೂ, ಹಳೆಯ ಕಣಜ ಬಿಟ್ಟುಬರುವ ದುಡಿಮೆಗೆ ಅಂಜಿ ಬಾಡಿಗೆ ತೆರುತ್ತ ಕುಳಿತವರು ಕಡಿಮೆಯಲ್ಲ. ಸಾರ್ವಜನಿಕರ ಕಾಳನ್ನು ಕಾಯುವವರು ನೆಲ ಯಾರದೆಂದು ಕೇಳಿದರೆ ಸಾಲದು. ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದನ್ನೂ ನೋಡಬೇಕು.